ಹಡಗೇ ತಕ್ಕಡಿ: ಅದಿರಿನ ಹಡಗು ಬಂದರಿಗೆ ಬಂದಾಗ

(ವಿಜ್ಞಾನ ಸಂಘದ ಪುಟ, 10ನೇ ತರಗತಿ)



ಆನೆಯನ್ನು ತೂಗಿದ ಜಾಣ ಹುಡುಗನ ಕಥೆ ನಿಮಗೆಲ್ಲ ಗೊತ್ತು. ಆನೆಯನ್ನು ದೋಣಿಗೆ ಹತ್ತಿಸಿದ. ದೋಣಿ ಎಲ್ಲಿಯವರೆಗೆ ಮುಳುಗಿತೋ ಅಲ್ಲಿಗೆ ಒಂದು ಗೆರೆ ಎಳೆದ. ಆನೆಯನ್ನು ಇಳಿಸಿ, ಅದೇ ಗೆರೆಯವರೆಗೆ ಮುಳುಗುವಷ್ಟು ಕಲ್ಲು ತುಂಬಿದ. ಆಮೇಲೆ ಕಲ್ಲುಗಳನ್ನು ತೂಗಿದ. ಅಷ್ಟೇ!

ನಾನು ಅದನ್ನು ಬರೀ ಕಥೆ ಅಂತ ತಿಳಿದಿದ್ದೆ. ಆದರೆ ಇವತ್ತಿಗೂ ದೊಡ್ಡ ದೊಡ್ಡ ಬಂದರುಗಳಲ್ಲಿ ಕಬ್ಬಿಣದ ಅದಿರನ್ನು ಹೀಗೇ ತೂಗುತ್ತಾರೆ. ಇದನ್ನು ನನಗೆ ಹೇಳಿದ್ದು ನನ್ನ ಚಿಕ್ಕಪ್ಪ. ಅವರು ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದಾರೆ. ರಜೆಯಲ್ಲಿ ಮನೆಗೆ ಬಂದಿದ್ದಾಗ ನಾನು ಕೇಳಿದೆ, “ಚಿಕ್ಕಪ್ಪ, ಅಷ್ಟು ಅದಿರನ್ನು ಯಾವ ಕಾಟಾದಲ್ಲಿ ತೂಗುವುದು?” ಅವರು ನಕ್ಕು, “ಹಡಗೇ ಕಾಟಾ ಮಾರಾಯ” ಅಂದರು. ಆ ಮಾತನ್ನು ಬಿಡಿಸಿ ಹೇಳುವುದೇ ಈ ಪಾಠ.

ನಮ್ಮ ಊರ ಕಡೆಯ ಹಿರಿಯರಿಗೆ ಅದಿರಿನ ಹಡಗು ಹೊಸದಲ್ಲ. 1980ರಿಂದ 2005ರ ಕೊನೆಯವರೆಗೆ ಕುದುರೆಮುಖದ ಗಣಿ ನಡೆಯುತ್ತಿದ್ದಾಗ, ಬೆಟ್ಟದ ಅದಿರು ನೀರಿನ ಜೊತೆ ಕೆಸರಿನಂತೆ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಇಳಿದು ಪಣಂಬೂರಿಗೆ ಬರುತ್ತಿತ್ತು. ಅಲ್ಲಿ ಅದನ್ನು ಹಡಗಿಗೆ ತುಂಬುತ್ತಿದ್ದರು. ತುಂಬುವುದನ್ನು ನಾವು ಬಲ್ಲೆವು. ಆಚೆ ದಡದಲ್ಲಿ ಇಳಿಸುವುದು ಹೇಗೆ? ಅದಕ್ಕೆ ಲೋಕದಲ್ಲೇ ಹೆಸರಾದ ಒಂದು ಹಡಗನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಎರಡೇ ಊರಿನ ಹಡಗು

ಹಡಗಿನ ಹೆಸರು ‘ಬರ್ಗೆ ಸ್ಟಾಲ್’. 1986ರಲ್ಲಿ ದಕ್ಷಿಣ ಕೊರಿಯಾದಲ್ಲಿ ಕಟ್ಟಿದ್ದು. ಉದ್ದ 342 ಮೀಟರ್, ಅಗಲ 63.5 ಮೀಟರ್. ನಮ್ಮ ಶಾಲೆಯ ಕಬಡ್ಡಿ ಅಂಕಣ 13 ಮೀಟರ್ ಉದ್ದ. ಅಂಥ 26 ಅಂಕಣಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಈ ಹಡಗಿನ ಉದ್ದ ಆಗುತ್ತದೆ! ಇದು ಹೊರಬಲ್ಲ ತೂಕ ಸುಮಾರು 3,64,000 ಟನ್. ಇದರಲ್ಲಿ ಎಣ್ಣೆ, ಕುಡಿಯುವ ನೀರು ಎಲ್ಲ ಸೇರಿದೆ. ಹಾಗಾಗಿ ಲೆಕ್ಕಕ್ಕೆ ಸುಲಭವಾಗಲಿ ಎಂದು ಅದಿರು 3,50,000 ಟನ್ ಎಂದಿಟ್ಟುಕೊಳ್ಳೋಣ.

10 ಟನ್ ಹೊರುವ ಲಾರಿಗಳಾದರೆ 35,000 ಲಾರಿ ಬೇಕು. ಒಂದು ಲಾರಿಗೆ 10 ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ ಸಾಲು 350 ಕಿ.ಮೀ. ಆಗುತ್ತದೆ. ಅಂದರೆ ಮಂಗಳೂರಿನಿಂದ ಹೆಚ್ಚುಕಡಿಮೆ ಬೆಂಗಳೂರಿನವರೆಗೆ! ಅಷ್ಟೂ ಅದಿರು ಒಂದೇ ಹಡಗಿನಲ್ಲಿ.

ಅದಿರು ಬರುತ್ತಿದ್ದದ್ದು ಬ್ರೆಜಿಲ್ ದೇಶದ ಕರಾಜಾಸ್ ಗಣಿಯಿಂದ. ಅಲ್ಲಿಂದ 892 ಕಿ.ಮೀ. ರೈಲು ದಾರಿ. ಕಡಲ ತೀರದ ಪೊಂಟಾ ಡಾ ಮಡೇರಾ ಬಂದರಿನಲ್ಲಿ ಹಡಗಿಗೆ ತುಂಬುವುದು. ಸುಮಾರು ಎರಡು ವಾರ ಅಟ್ಲಾಂಟಿಕ್ ಸಾಗರದಲ್ಲಿ ಪಯಣ. ಮುಟ್ಟುವುದು ನೆದರ್‌ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮಿನ ಯೂರೋಪೋರ್ಟ್ ಬಂದರು. ಖಾಲಿ ಮಾಡಿ ಮತ್ತೆ ಬ್ರೆಜಿಲಿಗೆ. ವರ್ಷಕ್ಕೆ ಸುಮಾರು ಹತ್ತು ಸಲ ಹೀಗೆ ಹೋಗಿ ಬರುವುದೇ ಅದರ ಬದುಕು. ನಮ್ಮೂರ ಬಸ್ಸು ದಿನವೂ ಅದೇ ದಾರಿಯಲ್ಲಿ ಓಡುವ ಹಾಗೆ!

ಬೇರೆ ಬಂದರಿಗೆ ಯಾಕೆ ಹೋಗುತ್ತಿರಲಿಲ್ಲ? ಪೂರ್ತಿ ತುಂಬಿದಾಗ ಹಡಗು 23 ಮೀಟರ್ ನೀರೊಳಗೆ ಇರುತ್ತಿತ್ತು. ಒಂದು ಎತ್ತರದ ತೆಂಗಿನ ಮರ ಮುಳುಗುವಷ್ಟು ಆಳ. ಅಷ್ಟು ಆಳದ ಬಂದರು ಎಲ್ಲ ಕಡೆ ಇಲ್ಲ. ಈ ಎರಡು ಬಂದರುಗಳಲ್ಲೂ ಭರತದ ಹೊತ್ತು ನೋಡಿಯೇ ಒಳಗೆ ಬರಬೇಕಿತ್ತು, ಇಲ್ಲದಿದ್ದರೆ ತಳ ತಾಗುತ್ತದೆ. ನಮ್ಮ ಕಡೆ ಅಳಿವೆಬಾಗಿಲಲ್ಲಿ ಮೀನಿನ ದೋಣಿಯವರು ಭರತ ಕಾಯುತ್ತಾರಲ್ಲ, ಅದೇ ಸಂಗತಿ. ದೋಣಿ ದೊಡ್ಡದಾದರೂ ಕಡಲಿನ ನಿಯಮ ಒಂದೇ.

ಬಾಗಿಲು ದಾಟುವುದು

ರಾಟರ್‌ಡ್ಯಾಮಿನ ಮುಂದಿನ ಉತ್ತರ ಸಮುದ್ರ ಬಹಳ ಆಳ ಇಲ್ಲ. ಅದಕ್ಕೆ ಸಮುದ್ರದ ತಳದಲ್ಲೇ ಸುಮಾರು 57 ಕಿ.ಮೀ. ಉದ್ದದ ಕಾಲುವೆಯನ್ನು ಹೂಳೆತ್ತಿ ಮಾಡಿದ್ದಾರೆ. ಮೇಲಿನಿಂದ ನೋಡಿದರೆ ಬರೀ ನೀರು. ಕೆಳಗೆ ದಾರಿ ಉಂಟು. ಆಳದ ಹಡಗು ಆ ದಾರಿ ಬಿಟ್ಟು ಆಚೀಚೆ ಹೋಗುವಂತಿಲ್ಲ.

ಈ ದಾರಿ ಬಲ್ಲ ಸ್ಥಳೀಯ ನಾವಿಕನಿಗೆ ಪೈಲಟ್ ಎನ್ನುತ್ತಾರೆ. ಪೈಲಟ್ ಎಂದರೆ ವಿಮಾನ ನಡೆಸುವವನು ಮಾತ್ರ ಅಲ್ಲ! ಬಂದರಿಗೆ ಹಡಗನ್ನು ದಾರಿ ತೋರಿಸಿ ತರುವವನೂ ಪೈಲಟ್. ಇಲ್ಲಿ ಆಳದ ಹಡಗುಗಳಿಗೆ ಆತ ಹೆಲಿಕಾಪ್ಟರಿನಲ್ಲಿ ಬಂದು ಹಡಗಿನ ಮೇಲೆ ಇಳಿಯುತ್ತಾನೆ. ಆಮೇಲೆ ಟಗ್ ಎನ್ನುವ ಗಟ್ಟಿ ಚಿಕ್ಕ ಹಡಗುಗಳು ಹಗ್ಗ ಹಾಕಿ ಎಳೆದು, ದೂಡಿ, ದೊಡ್ಡ ಹಡಗನ್ನು ಧಕ್ಕೆಗೆ ತಾಗಿಸುತ್ತವೆ. ಇಷ್ಟು ದೊಡ್ಡ ಹಡಗಿಗೆ ಬ್ರೇಕ್ ಇಲ್ಲ ನೋಡಿ! ಇಂಜಿನ್ ನಿಲ್ಲಿಸಿದರೂ ಅದು ಕಿಲೋಮೀಟರುಗಟ್ಟಲೆ ಜಾರಿಕೊಂಡು ಹೋಗುತ್ತದೆ.

ತೂಕ ನೋಡುವ ಬಗೆ

ಧಕ್ಕೆಗೆ ಕಟ್ಟಿದ ಕೂಡಲೇ ಅದಿರು ಇಳಿಸಲು ಶುರು ಮಾಡುವುದಿಲ್ಲ. ಮೊದಲು ಓದುವುದು. ಏನನ್ನು? ಹಡಗಿನ ಮೈಮೇಲೆ ಬರೆದ ಅಂಕಿಗಳನ್ನು.

ಹಡಗಿನ ಮುಂದೆ, ನಡುವೆ, ಹಿಂದೆ, ಎರಡೂ ಬದಿಗಳಲ್ಲಿ, ಒಟ್ಟು ಆರು ಕಡೆ ಅಳತೆಯ ಅಂಕಿ ಬರೆದಿರುತ್ತಾರೆ. ಮೀಟರ್ ಲೆಕ್ಕದ ಹಡಗಿನಲ್ಲಿ ಒಂದೊಂದು ಅಂಕಿಯ ಎತ್ತರ 10 ಸೆಂ.ಮೀ. ಅಂಕಿಯ ಬುಡಕ್ಕೆ ನೀರು ತಾಗಿದರೆ ಆ ಅಂಕಿಯೇ ಮುಳುಗಿದ ಆಳ. ಅಂಕಿ ಅರ್ಧ ಮುಳುಗಿದ್ದರೆ ಇನ್ನೂ 5 ಸೆಂ.ಮೀ. ಸೇರಿಸಬೇಕು. ಚಿಕ್ಕ ಅಲೆ ಇದ್ದರೆ ನೀರು ಏರುವುದು ಇಳಿಯುವುದು ಎರಡನ್ನೂ ನೋಡಿ ಸರಾಸರಿ ಹಿಡಿಯಬೇಕು.

ಈಗ ಒಂದು ಲೆಕ್ಕ. ಚಪ್ಪಟೆ ತಳದ, ನೆಟ್ಟಗಿನ ಬದಿಯ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳಿ. ಅದು ನೀರಿನಲ್ಲಿ 1 ಸೆಂ.ಮೀ. ಹೆಚ್ಚು ಮುಳುಗಿದರೆ ಸರಿದ ನೀರು 20 × 10 × 1 = 200 ಘನ ಸೆಂ.ಮೀ. ಅಷ್ಟು ನೀರಿನ ತೂಕ 200 ಗ್ರಾಂ. ಆರ್ಕಿಮಿಡೀಸನ ತತ್ವದ ಪ್ರಕಾರ ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಹಾಗಾದರೆ ನೀವು ಡಬ್ಬಿಗೆ ಹಾಕಿದ ಕಲ್ಲಿನ ತೂಕವೂ 200 ಗ್ರಾಂ!

ಬರ್ಗೆ ಸ್ಟಾಲ್ ಹಡಗಿಗೂ ಇದೇ ಲೆಕ್ಕ ಮಾಡಿ. 342 × 63.5 × 0.01 ಅಂದರೆ ಸುಮಾರು 217 ಘನ ಮೀಟರ್. ಆದರೆ ಹಡಗಿನ ಮೂತಿ ಚೂಪು, ಹಿಂಭಾಗ ಕಿರಿದು. ಅದನ್ನು ಕಳೆದರೆ ಹತ್ತಿರ ಹತ್ತಿರ 200 ಟನ್. ಡಬ್ಬಿಗೆ ಒಂದು ಸೆಂಟಿಮೀಟರಿಗೆ 200 ಗ್ರಾಂ, ಹಡಗಿಗೆ 200 ಟನ್! ಅಂಕಿ ಓದುವವನ ಕಣ್ಣು ಒಂದು ಸೆಂಟಿಮೀಟರ್ ತಪ್ಪಿದರೆ 20 ಲಾರಿ ಅದಿರಿನ ಲೆಕ್ಕ ತಪ್ಪುತ್ತದೆ. ಮಾರಿದವನಿಗೋ ಕೊಂಡವನಿಗೋ ನಷ್ಟ. ಅದಕ್ಕೇ ಎರಡೂ ಕಡೆಯವರು ಒಪ್ಪುವ ಸರ್ವೇಯರ್ ಬಂದು, ಹಡಗಿನ ಅಧಿಕಾರಿಯ ಜೊತೆ ನಿಂತು ಓದುತ್ತಾರೆ.

ಒಂದು ಬಾಲ್ದಿ ನೀರು ಯಾಕೆ?

ಸರ್ವೇಯರ್ ಹಗ್ಗ ಕಟ್ಟಿ ಬಂದರಿನ ನೀರನ್ನೂ ಎತ್ತುತ್ತಾರೆ. ಅದರಲ್ಲಿ ಹೈಡ್ರೋಮೀಟರ್ ಬಿಟ್ಟು ನೋಡುತ್ತಾರೆ. ಹಾಲಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರೋ ಎಂದು ನೋಡಲು ಗಾಜಿನ ಬುರುಡೆ ಬಿಡುತ್ತಾರಲ್ಲ, ಅದರ ಅಣ್ಣ ಇದು.

ಸಮುದ್ರದ ನೀರು ಲೀಟರಿಗೆ ಸುಮಾರು 1,025 ಗ್ರಾಂ ತೂಗುತ್ತದೆ. ಹೊಳೆಯ ನೀರು 1,000 ಗ್ರಾಂ. ಉಪ್ಪುನೀರಿನಲ್ಲಿ ಮೊಟ್ಟೆ ತೇಲುತ್ತದೆ, ಸಿಹಿನೀರಿನಲ್ಲಿ ಮುಳುಗುತ್ತದೆ ಎಂದು ಎಂಟನೇ ತರಗತಿಯಲ್ಲಿ ಮಾಡಿ ನೋಡಿದ್ದೇವೆ. ಹಡಗೂ ಹಾಗೇ. ಸಮುದ್ರದಲ್ಲಿ 23 ಮೀಟರ್ ಮುಳುಗುವ ಹಡಗು ಪೂರ್ತಿ ಸಿಹಿನೀರಿಗೆ ಬಂದರೆ ಸುಮಾರು 57 ಸೆಂ.ಮೀ. ಹೆಚ್ಚು ಮುಳುಗುತ್ತದೆ. ಒಂದು ಕಾಳು ಅದಿರು ಸೇರಿಸದಿದ್ದರೂ!

ರಾಟರ್‌ಡ್ಯಾಮ್ ಇರುವುದು ರೈನ್ ನದಿ ಸಮುದ್ರ ಸೇರುವಲ್ಲಿ. ಉಪ್ಪುನೀರು, ಸಿಹಿನೀರು ಬೆರೆಯುವ ಜಾಗ. ನೀರಿನ ತೂಕ ನೋಡದೆ ಲೆಕ್ಕ ಹಾಕಿದರೆ ಏನಾದೀತು? ಹಡಗಿನ ಒಟ್ಟು ತೂಕ 4 ಲಕ್ಷ ಟನ್ ಎಂದಿಟ್ಟುಕೊಳ್ಳಿ. ಲೀಟರಿಗೆ ಹತ್ತೇ ಗ್ರಾಂ ತಪ್ಪಿದರೆ ಸುಮಾರು 4,000 ಟನ್ ತಪ್ಪು. ಒಂದು ಬಾಲ್ದಿ ನೀರಿಗೆ ಅಷ್ಟು ಬೆಲೆ.

ಬೊಗಸೆಯಿಂದ ಬೊಗಸೆಗೆ

ಈಗ ಮುಚ್ಚಳ ತೆಗೆಯುತ್ತಾರೆ. ಒಳಗೆ ಹೋಲ್ಡ್ ಎನ್ನುವ ಬಾವಿಯಂಥ ದೊಡ್ಡ ಕೋಣೆಗಳು. ನೋಡಿದರೆ ಕೋಣೆ ತುಂಬಿರುವುದೇ ಇಲ್ಲ! “ಇಷ್ಟು ದೂರ ಅರ್ಧ ಖಾಲಿ ತಂದರಾ?” ಅಂತ ನಾನೂ ಕೇಳಿದೆ. ಅದಿರು ಬಹಳ ಭಾರ. ಒಂದು ಘನ ಮೀಟರ್ ಜಾಗದ ನೀರು 1 ಟನ್ ಆದರೆ, ಅಷ್ಟೇ ಜಾಗದ ಅದಿರಿನ ರಾಶಿ ಎರಡೂವರೆ ಟನ್‌ವರೆಗೂ ತೂಗೀತು. ಕೋಣೆ ತುಂಬುವ ಮೊದಲೇ ಹಡಗಿನ ತೂಕ ತುಂಬಿಬಿಡುತ್ತದೆ.

ಧಕ್ಕೆಯ ಮೇಲೆ ಹಳಿಯಲ್ಲಿ ಓಡಾಡುವ ದೊಡ್ಡ ಕ್ರೇನುಗಳಿವೆ. ಅದರ ತುದಿಯಲ್ಲಿ ಗ್ರಾಬ್ ಎನ್ನುವ ಕಬ್ಬಿಣದ ಬೊಗಸೆ. ನಾವು ಎರಡು ಕೈ ಸೇರಿಸಿ ಅಕ್ಕಿ ತೆಗೆಯುವಂತೆ ಅದು ಬಾಯಿ ತೆರೆದು ರಾಶಿಯ ಮೇಲೆ ಕೂತು, ಬಾಯಿ ಮುಚ್ಚಿ, ಎದ್ದು ಬರುತ್ತದೆ. ದೊಡ್ಡ ಗ್ರಾಬಿಗೆ ಒಂದು ಸಲಕ್ಕೆ ಹತ್ತಾರು ಟನ್. 35 ಟನ್ ಎಂದು ಹಿಡಿದರೆ 3,50,000 ಟನ್ ತೆಗೆಯಲು ಹತ್ತು ಸಾವಿರ ಬೊಗಸೆ! ಎರಡು ಮೂರು ಕ್ರೇನುಗಳು ಹಗಲೂ ರಾತ್ರಿ ದುಡಿದರೂ ದಿನಗಟ್ಟಲೆ ಬೇಕು. ಕೊನೆಗೆ ಮೂಲೆಯಲ್ಲಿ ಉಳಿದದ್ದು ಬೊಗಸೆಗೆ ಸಿಗುವುದಿಲ್ಲ. ಆಗ ಕ್ರೇನಿನಿಂದಲೇ ಒಂದು ಬುಲ್ಡೋಜರನ್ನು ಹೋಲ್ಡಿನೊಳಗೆ ಇಳಿಸುತ್ತಾರೆ. ಅದು ಮೂಲೆಯದನ್ನೆಲ್ಲ ನಡುವೆ ತಂದು ಗುಡ್ಡೆ ಹಾಕುತ್ತದೆ.

ಎಲ್ಲಿಂದ ತೆಗೆಯಬೇಕು?

ಇಲ್ಲಿ ಒಂದು ಮುಖ್ಯ ವಿಷಯ. ಮುಂದಿನ ಕೋಣೆಯಿಂದ ಶುರು ಮಾಡಿ ಸಾಲಾಗಿ ಹಿಂದಕ್ಕೆ ಖಾಲಿ ಮಾಡುತ್ತಾ ಹೋಗಬಹುದೇ? ಕೂಡದು.

ಒಂದು ಉದ್ದದ ಬಿದಿರಿನ ಗಳುವನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು, ನಡುವೆ ಕೊಡ ನೇತುಹಾಕಿದರೆ ಗಳು ಕೆಳಗೆ ಬಾಗುತ್ತದೆ. ಒಬ್ಬನೇ ನಡುವೆ ಹೆಗಲ ಮೇಲೆ ಹೊತ್ತು ಎರಡು ತುದಿಗೆ ಕೊಡ ಕಟ್ಟಿದರೆ ತುದಿಗಳು ಬಾಗುತ್ತವೆ. ಹಡಗೂ 342 ಮೀಟರಿನ ಗಳುವೇ. ನೀರು ಅದನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಒಂದು ಕೋಣೆ ಖಾಲಿ, ಪಕ್ಕದ್ದು ಭರ್ತಿ ಆದರೆ ಖಾಲಿ ಜಾಗ ಮೇಲೇಳಲು ನೋಡುತ್ತದೆ, ಭರ್ತಿ ಜಾಗ ಕೆಳಗಿಳಿಯಲು ನೋಡುತ್ತದೆ. ನಡುವಿನ ಉಕ್ಕಿನ ತಗಡಿಗೆ ಆ ಎಳೆದಾಟ ಬೀಳುತ್ತದೆ. 1994ರಲ್ಲಿ ‘ಟ್ರೇಡ್ ಡೇರಿಂಗ್’ ಎಂಬ ಹಡಗು ಬ್ರೆಜಿಲಿನ ಅದೇ ಪೊಂಟಾ ಡಾ ಮಡೇರಾ ಬಂದರಿನಲ್ಲಿ, ಬಿರುಗಾಳಿ ಇಲ್ಲ ಅಲೆ ಇಲ್ಲ, ಸರಕು ತುಂಬುತ್ತಿದ್ದ ಹಾಗೆಯೇ ನಡು ಮುರಿದುಹೋಯಿತು.

ಆದ್ದರಿಂದ ಯಾವ ಕೋಣೆಯಿಂದ ಎಷ್ಟು, ಅದರ ನಂತರ ಯಾವುದು ಎಂದು ಮೊದಲೇ ಕಾಗದದಲ್ಲಿ ಬರೆದು, ಹಡಗಿನವರೂ ಧಕ್ಕೆಯವರೂ ಸಹಿ ಹಾಕಿಕೊಳ್ಳುತ್ತಾರೆ. ಅವಸರ ಮಾಡಿ ಆ ಕ್ರಮ ಮುರಿಯುವ ಹಾಗಿಲ್ಲ.

ಇನ್ನೊಂದು ಕೆಲಸವೂ ಜೊತೆಗೇ ನಡೆಯುತ್ತದೆ. ಅದಿರು ಹೊರಗೆ ಹೋದ ಹಾಗೆ ಹಡಗಿನ ಬದಿ ಮತ್ತು ತಳದ ತೊಟ್ಟಿಗಳಿಗೆ ನೀರು ತುಂಬುತ್ತಾರೆ. ಇದು ಬ್ಯಾಲಸ್ಟ್ ನೀರು. ಬರೀ ತೂಕಕ್ಕಾಗಿ ಇರುವ ನೀರು. ಇದಿಲ್ಲದಿದ್ದರೆ ಖಾಲಿ ಹಡಗು ಬೆಂಡಿನಂತೆ ಮೇಲೆದ್ದು, 9 ಮೀಟರ್ ಅಗಲದ ಅದರ ಪ್ರೊಪೆಲ್ಲರ್ ನೀರಿನ ಹೊರಗೆ ಬಂದು ಸುಮ್ಮನೆ ಗಾಳಿಯಲ್ಲಿ ತಿರುಗೀತು.

ಎಲ್ಲ ಇಳಿಸಿದ ಮೇಲೆ ಆರು ಕಡೆಯ ಅಂಕಿಗಳನ್ನು ಮತ್ತೊಮ್ಮೆ ಓದುತ್ತಾರೆ. ಮೊದಲ ತೂಕದಿಂದ ಈಗಿನ ತೂಕ ಕಳೆಯಬೇಕು. ಒಳಗೆ ಬಂದ ಬ್ಯಾಲಸ್ಟ್ ನೀರನ್ನು ಲೆಕ್ಕಕ್ಕೆ ಸೇರಿಸಬೇಕು. ಉರಿದ ಎಣ್ಣೆ, ಖರ್ಚಾದ ಕುಡಿಯುವ ನೀರನ್ನು ಬಿಡಬೇಕು. ಉಳಿದದ್ದೇ ಅದಿರಿನ ತೂಕ. ಜಾಗ್ರತೆಯಿಂದ ಮಾಡಿದರೆ ನೂರಕ್ಕೆ ಅರ್ಧದಷ್ಟು ಮಾತ್ರ ಹೆಚ್ಚುಕಡಿಮೆ ಬರುತ್ತದಂತೆ. ಆನೆ ತೂಗಿದ ಹುಡುಗನಿಗೆ ಶಭಾಸ್ ಎನ್ನಬೇಡವೇ!

ಅಲ್ಲಿಂದ ಕುಲುಮೆಗೆ

ಬಂದರಿನಲ್ಲಿ ಅದಿರು ಗುಡ್ಡದಂತೆ ರಾಶಿ ಬೀಳುತ್ತದೆ. ಧೂಳು ಹಾರದಂತೆ ನೀರು ಚಿಮುಕಿಸುತ್ತಾರೆ. ಅಲ್ಲಿಂದ ಅದು ಬಾರ್ಜ್ ಎನ್ನುವ ಚಪ್ಪಟೆ ದೋಣಿಗಳಲ್ಲಿ ರೈನ್ ನದಿಯ ಮೇಲ್ಮುಖವಾಗಿ, ಇನ್ನೂರು ಕಿ.ಮೀ.ಗೂ ಮಿಕ್ಕಿ ದೂರದ ಜರ್ಮನಿಯ ಡ್ಯೂಸ್‌ಬರ್ಗಿಗೆ ಹೋಗುತ್ತದೆ. ಆರು ಬಾರ್ಜುಗಳನ್ನು ಒಟ್ಟಿಗೆ ಕಟ್ಟಿ ಒಂದೇ ದೋಣಿ ಹಿಂದಿನಿಂದ ದೂಡುತ್ತದೆ. ಒಂದು ಸಲಕ್ಕೆ ಸುಮಾರು 16,000 ಟನ್. ಒಂದು ಬರ್ಗೆ ಸ್ಟಾಲ್ ಹಡಗಿನ ಅದಿರಿಗೆ ಇಂಥ ಎಷ್ಟು ಸವಾರಿ ಬೇಕು? ನೀವೇ ಲೆಕ್ಕ ಮಾಡಿ.

ಡ್ಯೂಸ್‌ಬರ್ಗಿನ ಊದುಕುಲುಮೆಗಳಲ್ಲಿ ಅದಿರು, ಕೋಕ್, ಸುಣ್ಣಕಲ್ಲು ಸೇರಿ ಕಬ್ಬಿಣವಾಗಿ, ಆಮೇಲೆ ಉಕ್ಕಾಗುತ್ತದೆ. ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಊದುಕುಲುಮೆಯನ್ನು ನಮ್ಮ ಒಲೆಯ ಹಾಗೆ ದಿನಾ ಹೊತ್ತಿಸಿ ಆರಿಸುವುದಿಲ್ಲ, ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಅದರ ಬಾಯಿಗೆ ಅದಿರು ಬೀಳುತ್ತಲೇ ಇರಬೇಕು. 2018ರಲ್ಲಿ ಯೂರೋಪಿನಲ್ಲಿ ಮಳೆ ಕಡಿಮೆಯಾಗಿ ರೈನ್ ನದಿ ಇಳಿದಾಗ ಬಾರ್ಜುಗಳು ಪೂರ್ತಿ ತುಂಬಿಕೊಂಡು ಬರಲಾಗಲಿಲ್ಲ. ಡ್ಯೂಸ್‌ಬರ್ಗಿನಲ್ಲಿ ಉಕ್ಕಿನ ಉತ್ಪಾದನೆಯನ್ನೇ ಕಡಿಮೆ ಮಾಡಬೇಕಾಯಿತು. ಬೆಂಕಿಯ ಕೆಲಸವೂ ಕೊನೆಗೆ ನೀರನ್ನೇ ನಂಬಿದೆ!

ಅಜ್ಜಿಯ ನಿದ್ದೆ ಮತ್ತು ಡಬ್ಬಿ ಪರೀಕ್ಷೆ

ಮಳೆಗಾಲ ಬಂದರೆ ನಮ್ಮ ಅಜ್ಜಿಗೆ ನಿದ್ದೆ ಇಲ್ಲ. ರಾತ್ರಿ ಎದ್ದು ಜಗಲಿಯಲ್ಲಿ ಕೂತಿರುತ್ತಾರೆ. ಅದಕ್ಕೆ ಕಾರಣ ಉಂಟು.

2009ರ ಜುಲೈ ತಿಂಗಳಲ್ಲಿ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಮಂಗಳೂರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟಿತು. ದೂರ ಹೋಗಲೇ ಇಲ್ಲ. ನಮ್ಮ ಕಡಲಿನಲ್ಲೇ ಒಂದು ಬದಿಗೆ ವಾಲಿ ಮುಳುಗಿತು. ಹಡಗಿನಲ್ಲಿದ್ದ 18 ಜನರನ್ನೂ ಕರಾವಳಿ ರಕ್ಷಣಾ ಪಡೆಯವರು ಉಳಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಹತ್ತಿರ ‘ಬ್ಲ್ಯಾಕ್ ರೋಸ್’ ಎಂಬ ಅದಿರಿನ ಹಡಗೂ ಮುಳುಗಿತು.

ಮಳೆಯಲ್ಲಿ ನೆನೆದ ಅದಿರಿನ ಪುಡಿ ಯಾಕೆ ಅಪಾಯ? ಕಡಲ ಬದಿಯ ಒದ್ದೆ ಮರಳಿನ ಮೇಲೆ ನಿಂತು ಒಂದೇ ಜಾಗದಲ್ಲಿ ಕಾಲು ಕುಣಿಸಿ ನೋಡಿ. ಮೊದಲು ಗಟ್ಟಿ ಇದ್ದ ಮರಳು ಮೆತ್ತಗಾಗಿ, ನೀರು ಮೇಲೆ ಬಂದು, ಕಾಲು ಹೂತುಹೋಗುತ್ತದೆ. ಹೋಲ್ಡಿನ ಒಳಗೂ ಅದೇ ಆಗುವುದು. ಇಂಜಿನಿನ ಅದುರು, ಅಲೆಯ ಕುಲುಕಾಟದಿಂದ ಪುಡಿಯ ಕಣಗಳು ಒತ್ತಾಗಿ ಕೂರುತ್ತವೆ. ನಡುವಿನ ನೀರಿಗೆ ಜಾಗ ಸಾಲದೆ ಅದು ಕಣಗಳನ್ನೇ ತಳ್ಳಿಬಿಡುತ್ತದೆ. ರಾಶಿಯಾಗಿದ್ದ ಅದಿರು ಅಂಬಲಿಯಂತೆ ಹರಿಯುತ್ತದೆ. ಹಡಗು ಎಡಕ್ಕೆ ವಾಲಿದರೆ ಅದೂ ಎಡಕ್ಕೆ ಹರಿಯುತ್ತದೆ. ಹಡಗು ಮತ್ತೆ ನೆಟ್ಟಗಾಗುವಾಗ ಅದು ಪೂರ್ತಿ ವಾಪಸು ಬರುವುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು ವಾಲುತ್ತದೆ. ಕೆಲವೊಮ್ಮೆ ತಪ್ಪಿಸಿಕೊಳ್ಳಲು ಕೆಲವೇ ನಿಮಿಷ ಸಿಗುತ್ತವೆ.

ಇದಕ್ಕಾಗಿ ಅಂತರರಾಷ್ಟ್ರೀಯ ನಿಯಮಗಳಿವೆ. 2011ರ ಜನವರಿ 1ರಿಂದ ಅವು ಕಡ್ಡಾಯ. ಅದಿರಿನ ತೇವ ಎಷ್ಟಿದೆ ಎಂದು ಪ್ರಯೋಗಶಾಲೆಯಲ್ಲಿ ಅಳೆದ ಕಾಗದವನ್ನು ತುಂಬುವ ಮೊದಲೇ ಹಡಗಿನವರಿಗೆ ಕೊಡಬೇಕು. ಅನುಮಾನ ಬಂದರೆ ಹಡಗಿನವರು ತಾವೇ ಮಾಡಿಕೊಳ್ಳುವ ಒಂದು ಪರೀಕ್ಷೆ ಉಂಟು. ಅದನ್ನು ನಾವು ಸಂಘದಲ್ಲಿ ಮರಳಿನಿಂದ ಮಾಡಿದೆವು. ನೀವೂ ಮಾಡಿ.

ಅರ್ಧ ಅಥವಾ ಒಂದು ಲೀಟರಿನ ಗಟ್ಟಿ ಡಬ್ಬಿಗೆ ಅರ್ಧದಷ್ಟು ಒದ್ದೆ ನಯ ಮರಳು ಹಾಕಿ. ಒಂದು ಗೇಣಿನಷ್ಟು (20 ಸೆಂ.ಮೀ.) ಎತ್ತರದಿಂದ ಗಟ್ಟಿ ನೆಲಕ್ಕೆ ಕುಟ್ಟಿ. ಒಂದೆರಡು ಸೆಕೆಂಡಿಗೆ ಒಂದರಂತೆ 25 ಸಲ. ಆಮೇಲೆ ಮುಖ ನೋಡಿ. ಮೇಲೆ ನೀರು ಜಿನುಗಿದರೆ ಅಥವಾ ಮರಳು ಅಂಬಲಿಯಂತಾದರೆ ಅಂಥ ಸರಕು ಹಡಗಿಗೆ ಏರುವ ಮೊದಲು ಮತ್ತೆ ಪ್ರಯೋಗಶಾಲೆಗೆ ಹೋಗಬೇಕು. ಮೇಲೆ ಒಣಗಿ ಕಂಡಿತು ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ, ಇದನ್ನು ನೆನಪಿಡಿ.

ನಾವು ಡಬ್ಬಿ ಕುಟ್ಟುತ್ತಿದ್ದಾಗ ಅಜ್ಜಿ ಬಂದು, “ಎಂತ ಅದು ಗಲಾಟೆ?” ಎಂದು ಕೇಳಿದರು. ನಾನು ವಿವರಿಸಿದೆ. ಅವರು ಡಬ್ಬಿಯನ್ನು ಕೈಯಲ್ಲಿ ಹಿಡಿದು, ಮೇಲೆ ಜಿನುಗಿದ ನೀರನ್ನು ಬೆರಳಿನಿಂದ ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಇದನ್ನು ಮಾಡ್ತಾನಾ?” ಅಂದರು. ಮಾಡುತ್ತಾರೆ ಎಂದೆ. ಆ ಸಂಜೆ ಚಿಕ್ಕಪ್ಪನ ಫೋನ್ ಬಂದಾಗ ಅಜ್ಜಿ ಊಟ ಆಯ್ತಾ ಎಂದು ಕೇಳುವ ಮೊದಲು ಕೇಳಿದ್ದು, “ಡಬ್ಬಿ ಕುಟ್ಟಿ ನೋಡಿದ್ಯಾ?”

ಬರ್ಗೆ ಸ್ಟಾಲ್ ಈಗ ಇಲ್ಲ. 2011ರಲ್ಲಿ ಅದಕ್ಕಿಂತ ದೊಡ್ಡ, 4 ಲಕ್ಷ ಟನ್ ಹೊರುವ ಹಡಗುಗಳು ಬಂದವು. 2021ರಲ್ಲಿ ಅದನ್ನು ಪಾಕಿಸ್ತಾನದ ಗಡಾನಿ ಕಡಲ ತೀರದಲ್ಲಿ ಒಡೆಯಲು ತಂದರು. ಮೂವತ್ತೈದು ವರ್ಷ ಉಕ್ಕಿಗಾಗಿ ಅದಿರು ಹೊತ್ತ ಹಡಗು ಕೊನೆಗೆ ತಾನೇ ಗುಜರಿ ಉಕ್ಕಾಗಿ ಕರಗುವ ದಾರಿ ಹಿಡಿಯಿತು. ಆದರೆ ಅಂಕಿ ಓದುವ ಕೆಲಸ, ಬಾಲ್ದಿ ನೀರು, ಡಬ್ಬಿ ಕುಟ್ಟುವುದು ಇವೆಲ್ಲ ಹಾಗೇ ಉಳಿದಿವೆ. ಹಡಗು ಎಷ್ಟು ದೊಡ್ಡದಾದರೂ ಅದರಲ್ಲಿರುವವರ ಜೀವ ಸಣ್ಣ ಸಣ್ಣ ಅಳತೆಗಳ ಮೇಲೇ ನಿಂತಿದೆ.

ನೀವೇ ಉತ್ತರಿಸಿ

1. ಒಂದು ಹಡಗು ಬಂದರಿಗೆ ಬಂದಾಗ ಒಟ್ಟು ತೂಕ 80,000 ಟನ್. ಅದಿರು ಇಳಿಸಿದ ಮೇಲೆ 32,000 ಟನ್. ನಡುವೆ ತುಂಬಿಕೊಂಡ ಬ್ಯಾಲಸ್ಟ್ ನೀರು 18,000 ಟನ್. ಇಳಿಸಿದ ಅದಿರು ಎಷ್ಟು? (48,000 ಎಂದು ಬರೆದವರು ಇನ್ನೊಮ್ಮೆ ಯೋಚಿಸಿ!)

2. 3,50,000 ಟನ್ ಅದಿರನ್ನು ಡ್ಯೂಸ್‌ಬರ್ಗಿಗೆ ಒಯ್ಯಲು 16,000 ಟನ್ನಿನ ಎಷ್ಟು ಸವಾರಿ ಬೇಕು?

3. ಸಮುದ್ರದಿಂದ ಹೊಳೆಗೆ ಬಂದ ದೋಣಿ ಹೆಚ್ಚು ಮುಳುಗುತ್ತದೆಯೋ ಕಡಿಮೆಯೋ? ಕಾರಣ ಕೊಡಿ.

ಉತ್ತರವನ್ನು ಹೆಸರು, ತರಗತಿ ಬರೆದು ಶನಿವಾರದೊಳಗೆ ಗ್ರಂಥಾಲಯದ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ. ದಯವಿಟ್ಟು ಹಾಳೆಯ ಮೇಲೆಯೇ ಉತ್ತರ ಗೀಚಬೇಡಿ!